ಡೆಲ್ಫೀನ್ ಬ್ರಿಸ್ಕೋ ಹಾಕಿದ ತೇಪೆ

ಡೆಲ್ಫೀನ್ ಬ್ರಿಸ್ಕೋ ಹೊಲಿದದ್ದನ್ನು ತೊಟ್ಟು ಯಾರೂ ಮದುವೆಯಾಗಲಿಲ್ಲ, ಯಾರೂ ಕುಣಿಯಲಿಲ್ಲ. ಅವಳು ಹೊಲಿದದ್ದನ್ನು ತೊಟ್ಟುಕೊಂಡಿದ್ದು ಒಂದು ದೂರದರ್ಶಕ. ಬಸ್ಸಿನಷ್ಟು ದೊಡ್ಡದಾದ ಆ ಯಂತ್ರ ಭೂಮಿಯನ್ನು ಒಂದೂವರೆ ಗಂಟೆಗೊಮ್ಮೆ ಸುತ್ತುತ್ತಿತ್ತು. ಒಂದು ಸುತ್ತಿನಲ್ಲಿ ಅರ್ಧ ಹೊತ್ತು ಬಿಸಿಲಿಗೆ ಸುಡುತ್ತ, ಇನ್ನರ್ಧ ಹೊತ್ತು ಚಳಿಗೆ ಮರಗಟ್ಟುತ್ತ ನಕ್ಷತ್ರಗಳ ಚಿತ್ರ ತೆಗೆಯುತ್ತಿತ್ತು. ಅದು ಸುಡದಂತೆ, ಮರಗಟ್ಟದಂತೆ ಮೈತುಂಬ ಬೆಳ್ಳಿಬಣ್ಣದ ಹೊದಿಕೆ. ಆ ಹೊದಿಕೆಯ ಹದಿನೆಂಟು ತುಂಡುಗಳಲ್ಲಿ ಏಳು ಡೆಲ್ಫೀನಳ ಕೈಯವು. ಯಾವ ಏಳು ಎಂದು ಫೋಟೊ ನೋಡಿ ಬೆರಳಿಟ್ಟು ತೋರಿಸಬಲ್ಲಳು.

ಅವಳು ಹುಟ್ಟಿದ್ದು ಮೇರಿಲ್ಯಾಂಡಿನ ದಕ್ಷಿಣ ತುದಿಯ ಬುಶ್‌ವುಡ್‌ನಲ್ಲಿ, ಬೇರೆಯವರ ಹೊಲದಲ್ಲಿ ತಂಬಾಕು ಬೆಳೆಯುತ್ತಿದ್ದ ಮನೆಯಲ್ಲಿ. ಮಾರ್ಚ್ ತಿಂಗಳಲ್ಲಿ ತಂಬಾಕಿನ ಸಸಿಮಡಿಗಳಿಗೆ ಹಿಮ ಹೊಡೆಯಬಾರದೆಂದು ತೆಳ್ಳನೆಯ ಬಿಳಿ ಬಟ್ಟೆ ಹೊದಿಸುತ್ತಾರೆ. ನೂರಡಿ ಉದ್ದದ ಆ ಬಟ್ಟೆ ವರ್ಷಕ್ಕೊಮ್ಮೆ ಹರಿಯುತ್ತದೆ, ಮನೆಯ ಹೆಂಗಸರು ಅದಕ್ಕೆ ತೇಪೆ ಹಾಕುತ್ತಾರೆ. ಡೆಲ್ಫೀನ್ ಸೂಜಿ ಹಿಡಿದದ್ದು ಆರನೇ ವಯಸ್ಸಿಗೆ, ಆ ಬಟ್ಟೆಯ ಮೇಲೆ. ಗಂಡಸರು ಉತ್ತರು, ನೆಟ್ಟರು, ಕುಯ್ದರು ಎಂದು ಊರು ಲೆಕ್ಕ ಹಿಡಿಯುತ್ತಿತ್ತು. ಬಟ್ಟೆ ಮಾತ್ರ ತಾನೇ ಹೊಲಿದುಕೊಂಡು ಬಂದು ಮಡಿಯ ಮೇಲೆ ಮಲಗಿದ ಹಾಗೆ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಆಮೇಲೆ ಎಂಟು ವರ್ಷ ಸಮವಸ್ತ್ರದ ಕಾರ್ಖಾನೆ. ಅದು ಮುಚ್ಚಿದಾಗ ಒಂದೂಕಾಲು ಗಂಟೆ ದೂರದ ಬಾಹ್ಯಾಕಾಶ ಕೇಂದ್ರದಲ್ಲಿ ಹೊಲಿಗೆ ಬಲ್ಲವರು ಬೇಕಂತೆ ಎಂದು ಚರ್ಚಿನ ಹೆಂಗಸೊಬ್ಬಳು ಹೇಳಿದಳು. ಸಂದರ್ಶನದಲ್ಲಿ ಈರುಳ್ಳಿ ಸಿಪ್ಪೆಯಂಥ ಹಾಳೆಯೊಂದನ್ನು ಕೊಟ್ಟು, ಹರಿಯದಂತೆ ಮೂಲೆ ಮಡಿಸಿ ಹೊಲಿಯಲು ಹೇಳಿದರು. ಅವಳಿಗಿಂತ ಮೊದಲು ಬಂದ ಒಂಬತ್ತು ಜನ ಅದನ್ನು ಹರಿದಿದ್ದರು. ಡೆಲ್ಫೀನ್ ಹೊಲಿದುಕೊಟ್ಟು, "ಇನ್ನೊಂದು ಮೂಲೇನೂ ಮಾಡ್ಲಾ, ಸುಮ್ನೆ ಕೂತಿದೀನಿ" ಅಂದಳು.

ಹಾಗೆ ಸೇರಿ ಈಗ ಇಪ್ಪತ್ತೊಂದು ವರ್ಷವಾಗಿತ್ತು. ಹೊದಿಕೆ ಕೋಣೆಯಲ್ಲಿ ಆರು ಜನ ಹೆಂಗಸರು, ಆರು ಮೇಜು. ಬೆಳಿಗ್ಗೆ ಎಣಿಸಿ ತೆಗೆದುಕೊಂಡ ಸೂಜಿಯನ್ನು ಸಂಜೆ ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಯಾರೂ ಮನೆಗೆ ಹೋಗುವಂತಿಲ್ಲ. ಹೊದಿಕೆಯ ಹೊಳೆಯುವ ಹೊರಮೈಗೆ ಗೀರು ಬೀಳಬಾರದೆಂದು ಅದನ್ನು ಯಾವಾಗಲೂ ಮೇಜಿನ ಮೇಲೆ ಬೋರಲು ಹಾಸಿ, ಒಳಮೈ ಮೇಲೆ ಮಾಡಿಯೇ ಗುರುತು ಹಾಕಬೇಕು, ಕತ್ತರಿಸಬೇಕು, ಹೊಲಿಯಬೇಕು. ಇನ್ನೊಂದು ನಿಯಮ ಡೆಲ್ಫೀನಳೇ ಮಾಡಿದ್ದು. ಅಂಚು ಕತ್ತರಿಸುವವರು ಅಂಚು ಕತ್ತರಿಸಲಿ. ನಡುವೆ ಕಂಡಿ ಕೊರೆಯುವ ಮುಂಚೆ ಮಾತ್ರ ಕತ್ತರಿ ಕೆಳಗಿಟ್ಟು, ಎದ್ದು ಹೋಗಿ, ಒಂದು ಲೋಟ ನೀರು ಕುಡಿದು ಬಂದು, ಮತ್ತೊಮ್ಮೆ ಅಳೆಯಬೇಕು.

ಗಗನಯಾತ್ರಿಗಳು ತರಬೇತಿಗೆಂದು ಆ ಕೋಣೆಗೆ ಬಂದಾಗ ಅವರಿಗೂ ಅದೇ ನಿಯಮ. ಹೋದ ವರ್ಷ ಇನ್‌ಗ್ರಿಡ್ ಸ್ಟೋವಾಲ್ ಎಂಬಾಕೆ ಬಂದಿದ್ದಳು. ಯುದ್ಧವಿಮಾನ ಹಾರಿಸಿದವಳು, ಡಾಕ್ಟರೇಟು ಬೇರೆ. ಕತ್ತರಿ ಹಿಡಿದು ನೇರವಾಗಿ ಕಂಡಿಗೆ ಕೈಹಾಕಿದಾಗ ಡೆಲ್ಫೀನ್ ಅವಳ ಮಣಿಕಟ್ಟು ಹಿಡಿದಳು.

"ಬಾಯಾರಿಕೆ ಇಲ್ಲ ನಂಗೆ" ಅಂದಿದ್ದಳು ಸ್ಟೋವಾಲ್.

"ನಿಂಗೆ ಬಾಯಾರಿಕೆ ಅಂತ ಯಾರು ಹೇಳಿದ್ರು? ಕಣ್ಣಿಗೆ ಬಿಡುವು ಬೇಕು, ಅದಕ್ಕೆ ನೀರು ಕುಡಿಯೋದು. ಎದ್ದೇಳು ತಾಯಿ."

ಸ್ಟೋವಾಲ್ ಎದ್ದು ಹೋಗಿ ನೀರು ಕುಡಿದು ಬಂದಳು. ಬಂದು ಅಳೆದರೆ ಅರ್ಧ ಅಂಗುಲ ತಪ್ಪಿತ್ತು.

ಮನೆಯಲ್ಲಿ ಗಂಡ ಲೂಶಸ್ ಜಲ್ಲಿ ಲಾರಿ ಓಡಿಸುತ್ತಿದ್ದ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಬರುವವನು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಚಮಚದ ಡ್ರಾಯರು ಯಾವುದೆಂದು ಮಾತ್ರ ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಪ್ರತಿ ಸಲ ಮೊದಲು ಮೇಲಿನದನ್ನು ತೆರೆದು, ಆಮೇಲೆ ಕೆಳಗಿನದನ್ನು ತೆರೆದು, ಆಮೇಲೆ "ಡೆಲ್!" ಎನ್ನುತ್ತಿದ್ದ. ಅತ್ತೆ ಮಿಸ್ ಅಗಾಥಾ ಸೊಂಟದ ನೋವಿನಿಂದ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಕೈ ನಿಂತಿತ್ತು, ಬಾಯಿ ನಿಂತಿರಲಿಲ್ಲ. ಡೆಲ್ಫೀನ್ ನಾಲ್ಕಕ್ಕೆ ಎದ್ದು ಮಧ್ಯಾಹ್ನದ ಊಟ ಕಟ್ಟಿಟ್ಟು, ಅತ್ತೆಯ ಮಾತ್ರೆಗಳನ್ನು ಬಟ್ಟಲಲ್ಲಿ ಬಿಡಿಸಿಟ್ಟು, ಐದಕ್ಕೆ ಕಾರು ಹತ್ತುತ್ತಿದ್ದಳು. ಸಂಜೆ ಬಂದು ಮತ್ತೆ ಒಲೆ. ಅವಳ ಕೆಲಸದ ಬಗ್ಗೆ ಊರಿನವರು ಕೇಳಿದರೆ ಲೂಶಸ್ ಹೆಮ್ಮೆಯಿಂದ "ನಮ್ಮ ಡೆಲ್ ಅಲ್ಲಿ ಹೊಲೀತಾಳೆ" ಅನ್ನುತ್ತಿದ್ದ. ಕೇಂದ್ರದಲ್ಲಿಯೂ ಅಷ್ಟೇ. ಅವಳು ಬರೆದ ನಕ್ಷೆ, ಅವಳು ಬರೆದ ಕ್ರಮ ಯಾವುದೋ ಎಂಜಿನಿಯರನ ಹೆಸರಲ್ಲಿ ಹೋಗುತ್ತಿತ್ತು. 'ತಯಾರಿಸಿದವರು' ಎಂಬ ಸಾಲಿನಲ್ಲಿ ಹೊದಿಕೆ ಕೋಣೆಯ ಹೆಂಗಸರ ಹೆಸರು ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಎರಡು ಸಲ ಅವಳು ಕೇಳಿದ್ದಳು. ಆ ಸಾಲಿಗೆ ಪದವಿ ಬೇಕಾಗುತ್ತದೆ ಎಂದು ಎರಡು ಸಲವೂ ವಿನಯದಿಂದ ಉತ್ತರಿಸಿದ್ದರು.

ಆ ವರ್ಷ ಈಸ್ಟರ್ ಏಪ್ರಿಲ್ ಎರಡನೇ ವಾರಕ್ಕೆ ಬಿತ್ತು. ದೂರದರ್ಶಕದ ರಿಪೇರಿಗೆಂದು ಸ್ಟೋವಾಲ್ ಇದ್ದ ನೌಕೆ ಹೋಗಿದ್ದೂ ಅದೇ ವಾರ. ಹಳೆಯ ಉಪಕರಣ ತೆಗೆದು ಹೊಸದು ಕೂರಿಸುವ ಕೆಲಸ ಮೂರು ಬಾಹ್ಯಾಕಾಶ ನಡಿಗೆಗಳಲ್ಲಿ ಸಲೀಸಾಗಿ ಮುಗಿದಿತ್ತು. ಗುರುವಾರದ ನಡಿಗೆಯ ಕೊನೆಯಲ್ಲಿ ಸ್ಟೋವಾಲ್ ಕ್ಯಾಮೆರಾ ತಿರುಗಿಸಿ ತೋರಿಸಿದ್ದನ್ನು ನೋಡಲು ಕೇಂದ್ರದಲ್ಲಿದ್ದವರೆಲ್ಲ ಪರದೆಯ ಮುಂದೆ ಸೇರಿದರು. ಬಿಸಿಲು ಬೀಳುವ ಕಡೆಯ ಒಂದು ಬಾಗಿಲ ಮೇಲೆ ಹೊದಿಕೆ ಒಣಗಿದ ಸುಣ್ಣದ ಹಾಗೆ ಸೀಳಿ ಸುರುಳಿ ಸುತ್ತಿಕೊಂಡಿತ್ತು. ಆ ಬಾಗಿಲ ಹಿಂದೆಯೇ ಹೊಸ ಉಪಕರಣ. ಹಾಗೆಯೇ ಬಿಟ್ಟರೆ ಒಂದು ಬೇಸಿಗೆಯೊಳಗೆ ಬೆಂದುಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹೊದಿಕೆ ವಿಭಾಗದ ಮುಖ್ಯಸ್ಥ ಪೀಟರ್ ಹ್ಯಾಲ್ವರ್ಸನ್ ಫೋಟೊ ಹಿಡಿದು ಹೊಲಿಗೆ ಮೇಜಿನ ಮುಂದೆ ನಿಂತಿದ್ದ. ಎತ್ತರದ ಮನುಷ್ಯ, ನಿದ್ದೆಯಿಲ್ಲದ ಕಣ್ಣು.

"ಇದು ನಿಂದಲ್ವಾ ಡೆಲ್ಫೀನ್?"

ಡೆಲ್ಫೀನ್ ಕನ್ನಡಕ ಹಾಕಿಕೊಂಡು ನೋಡಿದಳು. "ನಂದೇ. ಹಾಳೆ ಸೀಳಿದೆ, ಹೊಲಿಗೆ ಬಿಟ್ಟಿಲ್ಲ ನೋಡು. ಎಲ್ಲಾದ್ರೂ ಒಂದು ಎಳೆ ಬಿಟ್ಟಿದ್ರೆ ತೋರಿಸು."

"ತಪ್ಪು ಹುಡುಕೋಕೆ ಬಂದಿಲ್ಲಮ್ಮ. ತೇಪೆ ಬೇಕು. ನಾಳೆ ಬೆಳಿಗ್ಗೆ ಕೊನೇ ನಡಿಗೆ. ಅದಾದ್ಮೇಲೆ ನೌಕೆ ವಾಪಸ್ಸು."

ನೌಕೆಯಲ್ಲಿ ಬೇರೆ ಕೆಲಸಕ್ಕೆಂದು ಒಯ್ದಿದ್ದ ಬೆಳ್ಳಿ ಹಾಳೆ ಒಂದಿತ್ತು, ಒಂಟಿ ಮಂಚದ ಹೊದಿಕೆಯಷ್ಟು. ಒಂದೇ. ಒಂದು ಮುಖ ಬೆಳ್ಳಿ, ಇನ್ನೊಂದು ಮುಖ ಕಪ್ಪು. ಬಾಗಿಲ ಬಲಪಕ್ಕದಲ್ಲಿ, ಮೇಲುಗಡೆ, ಒಂದು ದಪ್ಪ ಹಿಡಿಕೆ, ಅದಕ್ಕೆ ಹಾಳೆಯಲ್ಲಿ ಕಂಡಿ ಬೇಕು. ಸುತ್ತ ಗುಂಡಿಯಂತೆ ಹೊರಚಾಚಿದ ನಾಲ್ಕು ಗುಬುಟುಗಳಿವೆ, ಅವಕ್ಕೆ ಕಟ್ಟಬೇಕು. ಇಲ್ಲಿ ನಕ್ಷೆ ಬರೆದು ಕ್ರಮ ಬರೆದು ಮೂರು ಗಂಟೆಗೆ ಮೇಲಕ್ಕೆ ಕಳಿಸಿದರೆ, ಅವರು ನಾಲ್ಕಕ್ಕೆ ನೌಕೆಯ ಒಳಗೆ ಕೂತು ಕತ್ತರಿಸುತ್ತಾರೆ.

"ಹೊರಗಡೆ ಗುಬುಟಿಗೆ ದಾರ ಸುತ್ತಿ ಗಂಟು ಹಾಕ್ತಾರೆ" ಅಂದ ಹ್ಯಾಲ್ವರ್ಸನ್‌ನ ಜೊತೆಯವನೊಬ್ಬ.

"ನೀನು ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡು ಶೂ ಲೇಸ್ ಕಟ್ಟಿದೀಯಾ ಯಾವತ್ತಾದ್ರೂ?" ಅಂದಳು ಡೆಲ್ಫೀನ್. "ಕೈಗವಸು ಇಲ್ಲದಾಗ್ಲೇ, ಒಳಗೇ ಕೂತು ಕುಣಿಕೆ ಕಟ್ಕೋಬೇಕು. ಹೊರಗೆ ಹೋದ್ಮೇಲೆ ಸಿಕ್ಕಿಸೋದಷ್ಟೇ."

ಅದನ್ನು ಅವಳು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಅವಳು ಮನೆಯಲ್ಲಿ ಹ್ಯಾಮ್ ತುಂಬಬೇಕಾಗಿತ್ತು. ಉಪ್ಪಿನಲ್ಲಿ ನೆನೆದ ಹಂದಿಯ ತೊಡೆಗೆ ಚಾಕುವಿನಿಂದ ಆಳವಾಗಿ ಸೀಳು ಹಾಕಿ, ಎಲೆಕೋಸು, ಕೇಲ್ ಸೊಪ್ಪು, ಈರುಳ್ಳಿ, ಸಾಸಿವೆ, ಕೆಂಪು ಮೆಣಸಿನ ಚೂರು ಕಲಸಿ ಗಿಡಿದು, ಬಟ್ಟೆಯ ಚೀಲದಲ್ಲಿ ಬಿಗಿದು ನಾಲ್ಕು ಗಂಟೆ ಬೇಯಿಸಿ, ಅದೇ ನೀರಲ್ಲಿ ತಣಿಸಿ, ಭಾನುವಾರ ಚರ್ಚಿನ ಸಭಾಂಗಣಕ್ಕೆ ಒಯ್ಯಬೇಕು. ನಲವತ್ತು ಜನರ ಊಟಕ್ಕೆ ಬ್ರಿಸ್ಕೋ ಮನೆಯ ಹ್ಯಾಮ್ ಬರದಿದ್ದರೆ ಊರಿನಲ್ಲಿ ಏಳು ವರ್ಷ ಮಾತಾಗುತ್ತದೆ. ಮೆಣಸು ಕೈ ಸುಡುವುದರಿಂದ ದಪ್ಪ ರಬ್ಬರ್ ಗವಸು ಹಾಕಿಕೊಂಡೇ ತುಂಬುವುದು. ಗವಸಿನ ಕೈಯಲ್ಲಿ, ಅದೂ ಜಿಡ್ಡಾದ ಗವಸಿನಲ್ಲಿ ಗಂಟು ಹಾಕಲಾಗುವುದಿಲ್ಲವೆಂದು ಡೆಲ್ಫೀನ್ ಹಳೆಯ ದಿಂಬಿನ ಚೀಲವೊಂದರ ಬಾಯಿಗೆ ಮೊದಲೇ ಗುಂಡಿಗೆ ಸಿಕ್ಕಿಸುವ ಕುಣಿಕೆಗಳನ್ನು ಹೊಲಿದಿಟ್ಟಿದ್ದಳು.

ಬೆಳಿಗ್ಗೆ ಎಂಟಕ್ಕೆ ಅವಳು ಮನೆಗೆ ಫೋನ್ ಮಾಡಿದಳು. "ಲೂಶಸ್, ನಾನು ಬರೋದು ಸಂಜೆ ಆಗುತ್ತೆ. ಹ್ಯಾಮ್ ನೀನೇ ತುಂಬು."

"ಯಾವ ಹ್ಯಾಮ್?"

"ಊರಲ್ಲಿರೋ ಹ್ಯಾಮೆಲ್ಲ ಅಲ್ಲ. ಫ್ರಿಜ್ಜಲ್ಲಿರೋದು."

"ದೇವಮಾತೆ, ಸ್ವರ್ಗರಾಣಿ!" ಹಿಂದಿನಿಂದ ಮಿಸ್ ಅಗಾಥಾಳ ದನಿ. "ಇವನ ಕೈಲಿ ಹ್ಯಾಮ್ ತುಂಬಿಸ್ತಾಳಂತಾ? ಅದರ ಬದಲು ಆ ದೂರದರ್ಶಕಾನೇ ಇವನ ಕೈಗೆ ಕೊಡಬಹುದಿತ್ತು!"

"ಮಿಸ್ ಅಗಾಥಾ ಪಕ್ಕದಲ್ಲೇ ಇದಾರಲ್ಲ, ಕೇಳ್ಕೊಂಡು ಮಾಡು" ಎಂದು ಡೆಲ್ಫೀನ್ ಫೋನಿಟ್ಟಳು.

ಹೊದಿಕೆ ಕೋಣೆಯ ಫೋನು ಗೋಡೆಗೆ ನೇತುಬಿದ್ದದ್ದು, ಮಾತಾಡಿದ್ದು ಆರೂ ಮೇಜಿಗೆ ಕೇಳುತ್ತಿತ್ತು. ಹತ್ತೂವರೆಗೆ ಅದು ಹೊಡೆದುಕೊಂಡಿತು.

"ಸಾಸಿವೆ ಎಲ್ಲಿದೆ?"

"ಎಡಗಡೆ ಕಪಾಟು, ಕಾಫಿ ಡಬ್ಬಿ."

"ಕಾಫಿ ಡಬ್ಬೀಲಿ ಸಾಸಿವೆ ಯಾಕಿಟ್ಟೆ?"

"ಕಾಫಿ ಬೇರೆ ಡಬ್ಬೀಲಿದೆ ಅಂತ."

ಹನ್ನೊಂದೂಮುಕ್ಕಾಲಿಗೆ ಮತ್ತೆ. "ಸೀಳು ಎಷ್ಟು ಆಳ ಹಾಕ್ಬೇಕು? ಅಮ್ಮ ಬೆರಳುದ್ದ ಅಂತಾಳೆ. ಯಾರ ಬೆರಳು?"

"ನಂದು. ನಿಂದಲ್ಲ. ನಿನ್ನ ಬೆರಳಷ್ಟು ಹಾಕಿದ್ರೆ ಆ ಕಡೆ ಬರುತ್ತೆ."

ಹನ್ನೆರಡೂವರೆಗೆ ಇನ್ನೊಮ್ಮೆ. "ಉಪ್ಪು ಸರಿಯಾಯ್ತಾ ನೋಡೋದು ಹೇಗೆ? ಇವತ್ತು ಗುಡ್ ಫ್ರೈಡೆ, ಮಾಂಸ ಬಾಯಿಗೆ ಹಾಕೋ ಹಾಗಿಲ್ಲ."

"ಇಪ್ಪತ್ತೊಂಬತ್ತು ವರ್ಷದಿಂದ ನಾನು ಹೇಗೆ ನೋಡ್ತಿದ್ದೆ?"

"ನೀನು ಕದ್ದು ರುಚಿ ನೋಡ್ತೀಯ ಅನ್ಕೊಂಡಿದ್ದೆ."

ಹೆಂಗಸರೆಲ್ಲ ನಕ್ಕರು. ಹ್ಯಾಲ್ವರ್ಸನ್ ನಗಲಿಲ್ಲ. "ಡೆಲ್ಫೀನ್, ಮನೆ ವಿಷಯ ಇವತ್ತೊಂದು ದಿನ ಬೇರೆ ಯಾರಾದ್ರೂ ನೋಡ್ಕೊಳ್ಳೋಕಾಗಲ್ವಾ?"

"ನೋಡ್ಕೋತಿದಾನಲ್ಲ, ಅದಕ್ಕೇ ಫೋನು. ನೀನು ಮಧ್ಯಾಹ್ನ ತಿಂದೆಯಲ್ಲ ಆ ಸ್ಯಾಂಡ್‌ವಿಚ್, ಯಾರು ಮಾಡಿದ್ದು?"

"ನನ್ನ ಹೆಂಡ್ತಿ."

"ನಿಂಗೆ ಫೋನು ಬರದೇ ಇರೋದು ಅದಕ್ಕೆ."

ಹ್ಯಾಲ್ವರ್ಸನ್ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದ.

ಎರಡು ಗಂಟೆಗೆ ನಕ್ಷೆ ಸಿದ್ಧವಾಯಿತು. ಅಳತೆಗಳನ್ನು ಇಬ್ಬರು ಎಂಜಿನಿಯರುಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ನೋಡಿದರು. ಡೆಲ್ಫೀನ್ ಅಂಥದ್ದೇ ಹಾಳೆಯೊಂದನ್ನು ತನ್ನ ಮೇಜಿನ ಮೇಲೆ ಹರಡಿ, ನಕ್ಷೆಯಂತೆ ಕತ್ತರಿಸಿ, ಎದ್ದು ಹೋಗಿ ನೀರು ಕುಡಿದು ಬಂದು ಕಂಡಿ ಕೊರೆದಳು. ಕೋಣೆಯ ತುದಿಯಲ್ಲಿದ್ದ ಬಾಗಿಲ ಮಾದರಿಗೆ ಅದನ್ನು ಸಿಕ್ಕಿಸಿದಾಗ ಹಿಡಿಕೆ ಕಂಡಿಯಿಂದ ಸರಿಯಾಗಿ ಹೊರಗೆ ಬಂತು. ನಾಲ್ಕು ಕುಣಿಕೆ ನಾಲ್ಕು ಗುಬುಟು. ಹ್ಯಾಲ್ವರ್ಸನ್ ಚಪ್ಪಾಳೆ ತಟ್ಟಿದ. ನಕ್ಷೆಯ ಕೆಳಗೆ 'ತಯಾರಿಸಿದವರು' ಎಂಬಲ್ಲಿ ತನ್ನ ಹೆಸರು ಬರೆದ. ಹಾಗೆ ಬರೆಯುವುದು ಅವನಿಗೆ ಅಭ್ಯಾಸ, ಕೆಟ್ಟತನವಲ್ಲ. ಮೂರಕ್ಕೆ ಅದು ನೌಕೆಯೊಂದಿಗೆ ಮಾತಾಡುವ ಹೂಸ್ಟನ್ನಿನ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮೇಲಕ್ಕೆ ಹೋಯಿತು. ಅದೇ ಮೂರು ಗಂಟೆಗೆ ಊರಿನ ಚರ್ಚಿನಲ್ಲಿ ಎಲ್ಲರೂ ಗುಡ್ ಫ್ರೈಡೆ ಪ್ರಾರ್ಥನೆಗೆ ಮೊಣಕಾಲೂರಿರುತ್ತಾರೆಂದು ಡೆಲ್ಫೀನ್ ಮೇಜಿನ ಬಳಿ ಒಂದು ನಿಮಿಷ ತಲೆ ತಗ್ಗಿಸಿ ನಿಂತಳು. ಆಮೇಲೆ ಸೂಜಿ ಎಣಿಸತೊಡಗಿದಳು.

ಮೂರೂ ಇಪ್ಪತ್ತಕ್ಕೆ ಫೋನು.

"ಡೆಲ್, ನಿನ್ನ ಚೀಲದಲ್ಲಿ ಕುಣಿಕೇನೇ ಇಲ್ಲ ಕಣೇ."

"ಇಲ್ದೆ ಎಲ್ಲಿ ಹೋಗ್ತವೆ? ಆರು ಇವೆ. ನಾನೇ ಹೊಲಿದಿರೋದು."

"ಹ್ಯಾಮ್ ಒಳಗಿದೆ, ಚೀಲ ಹೊರಗಿದೆ. ಕೈಯೆಲ್ಲ ಮೆಣಸು. ಕಣ್ಣು ಬೇರೆ ಉಜ್ಜಿಕೊಂಡೆ. ಕುಣಿಕೆ ಎಲ್ಲೂ ಇಲ್ಲ ಅಂತಿದೀನಿ!"

"ಒಳಗಡೆ ಸೇರ್ಕೊಂಡಿವೆಯೋ ಕೋಣ!" ಮಿಸ್ ಅಗಾಥಾ ಕೂಗಿದ್ದು ಆರೂ ಮೇಜಿಗೆ ಕೇಳಿತು. "ಚೀಲಾನ ಉಲ್ಟಾ ಹಾಕಿದೀಯ!"

ಡೆಲ್ಫೀನಳಿಗೆ ನಗು ತಡೆಯಲಾಗಲಿಲ್ಲ. "ನಾನು ಒಳಮೈ ಮೇಲೆ ಮಾಡೇ ಹೊಲಿಯೋದು, ಹಾಗೇ ಮಡಚಿಟ್ಟಿರ್ತೀನಿ. ಹಾಕೋವಾಗ ತಿರುಗಿಸ್ಕೋಬೇಕು ಲೂಶಸ್. ಅದನ್ನೂ ಹೇಳ್ಬೇಕಾ?"

"ಹೇಳ್ದೆ ಹೇಗೆ ಗೊತ್ತಾಗುತ್ತೆ?" ಅಂದ ಲೂಶಸ್. ಜಗಳಕ್ಕಲ್ಲ, ನಿಜವಾಗಿ ಕೇಳಿದ.

ಡೆಲ್ಫೀನಳ ನಗು ನಿಂತಿತು. ಫೋನು ಕಿವಿಯಲ್ಲಿದ್ದಂತೆಯೇ ಅವಳು ತನ್ನ ಮೇಜಿನ ಕಡೆ ತಿರುಗಿ ನೋಡಿದಳು. ಕತ್ತರಿಸಿ ಉಳಿದ ಬೆಳ್ಳಿ ಹಾಳೆಯ ತುಂಡುಗಳು ಅಲ್ಲಿ ಬಿದ್ದಿದ್ದವು. ಎಲ್ಲವೂ ಕಪ್ಪು ಮೈ ಮೇಲೆ ಮಾಡಿ ಬಿದ್ದಿದ್ದವು.

"ಎಲ್ಲ ಬಿಚ್ಚಿ ತಿರುಗಿಸಿ ಹಾಕು" ಎಂದು ಫೋನಿಟ್ಟು ಅವಳು ನಕ್ಷೆಯ ಪ್ರತಿಯನ್ನು ಎತ್ತಿಕೊಂಡಳು. ಕಂಡಿ ಎಡಗಡೆ ಇತ್ತು. ಒಳಮೈಯಿಂದ ನೋಡಿದರೆ ಎಡವೇ ಸರಿ. ಇಪ್ಪತ್ತೊಂದು ವರ್ಷದಿಂದ ಒಳಮೈಯಿಂದಲೇ ನೋಡಿದವಳು ಅವಳು. ಕೋಣೆಯಲ್ಲಿ ಅವಳೇ ಕತ್ತರಿಸಿದಳು, ಕೈ ತಾನಾಗಿಯೇ ಹೊಳೆಯುವ ಮುಖವನ್ನು ಕೆಳಗಿಟ್ಟಿತು, ಅದಕ್ಕೇ ಸರಿಹೊಂದಿತು. ಆದರೆ ಯಾವ ಮುಖ ಕೆಳಗೆ ಎಂದು ಕ್ರಮದ ಹದಿನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮೇಲಿರುವವರು ಬೆಳ್ಳಿ ಮುಖ ತಮ್ಮ ಕಡೆ ಮಾಡಿ ಹಾಳೆ ಬಿಡಿಸುತ್ತಾರೆ. ಯಾರಾದರೂ ಹಾಗೇ ಮಾಡುತ್ತಾರೆ. ಆಗ ಕಂಡಿ ಹಿಡಿಕೆಯಿಲ್ಲದ ಕಡೆ ಬೀಳುತ್ತದೆ. ತಿರುಗಿಸಿ ಹಾಕಿದರೆ ಕಪ್ಪು ಮುಖ ಬಿಸಿಲಿಗೆ ಬಿದ್ದು ಒಳಗಿನದು ಇನ್ನೂ ಬೇಗ ಬೇಯುತ್ತದೆ. ಇನ್ನೊಂದು ಹಾಳೆ ಇಲ್ಲ.

ಅವಳು ಓಡಲಿಲ್ಲ. ಓಡಿದರೆ ಕೋಣೆಯವರೆಲ್ಲ ಓಡುತ್ತಾರೆ, ಆಮೇಲೆ ಮಾತು ಹೇಳಲು ಹೊತ್ತು ಹಿಡಿಯುತ್ತದೆ. ಉದ್ದನೆಯ ಪಡಸಾಲೆಯನ್ನು ಜೋರಾಗಿ ನಡೆದು ಹೂಸ್ಟನ್ನಿನೊಂದಿಗೆ ಮಾತಾಡುವ ಕೋಣೆಗೆ ಹೋದಳು. ಹ್ಯಾಲ್ವರ್ಸನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ.

"ಪೀಟರ್, ನನ್ನ ನಕ್ಷೆ ಉಲ್ಟಾ ಆಗಿದೆ."

"ಅಳತೆ ಎರಡು ಸಲ ನೋಡಿದೀವಲ್ಲ."

"ಅಳತೆ ಸರಿ. ಮುಖ ಉಲ್ಟಾ. ನಾನು ಒಳಗಿಂದ ನೋಡಿ ಬರೆದಿದೀನಿ, ಅವರು ಹೊರಗಿಂದ ನೋಡಿ ಕತ್ತರಿಸ್ತಾರೆ." ನಕ್ಷೆಯ ಪ್ರತಿಯನ್ನು ಅವನ ಮುಂದಿನ ದೀಪಕ್ಕೆ ಹಿಡಿದು, ತಿರುಗಿಸಿ ತೋರಿಸಿದಳು. "ನೋಡು."

ಹ್ಯಾಲ್ವರ್ಸನ್ ನೋಡಿದ. ಕಿವಿ ಕೆಂಪಾಯಿತು. ಗಡಿಯಾರ ಮೂರೂ ಮೂವತ್ತೊಂದು. ಅವನು ಹೂಸ್ಟನ್ನಿಗೆ ಕರೆ ಹಚ್ಚಿದ. ನೌಕೆ ಈಗ ಸಂಪರ್ಕ ಸಿಗದ ಜಾಗದಲ್ಲಿದೆ, ಇನ್ನು ಹನ್ನೊಂದು ನಿಮಿಷ ಮಾತು ಹೋಗುವುದಿಲ್ಲ, ಸಿಬ್ಬಂದಿ ಹೊತ್ತಿಗೆ ಮುಂಚೆಯೇ ಹಾಳೆ ಬಿಡಿಸಿಕೊಂಡಿದ್ದರು ಎಂದು ಉತ್ತರ ಬಂತು.

ಹನ್ನೊಂದು ನಿಮಿಷದಲ್ಲಿ ಒಬ್ಬ ಸರಿಯಾದ ಹೊಲಿಗೆಯವಳು ಆ ಹಾಳೆಯ ಅಂಚನ್ನೂ ಕಂಡಿಯನ್ನೂ ಕತ್ತರಿಸಿ ಮುಗಿಸಬಹುದು. ಅದು ಡೆಲ್ಫೀನಳಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಹೊಸ ನಕ್ಷೆ ಬರೀತೀನಿ, ಕಾಗದ ಕೊಡು" ಅಂದಳು. ಅಲ್ಲಿಯೇ ಕುಳಿತು ಬರೆದಳು. ಮೊದಲನೇ ಸಾಲು: ಬೆಳ್ಳಿ ಮುಖ ನಿಮ್ಮ ಕಡೆ ಇರಲಿ. ಎರಡನೇ ಸಾಲು: ಕಂಡಿ ನಿಮ್ಮ ಬಲಕ್ಕೆ. ಲೂಶಸನಿಗೆ ಹೇಳುವಂತೆ ಬರೆದಳು, ಗೊತ್ತಿರುತ್ತದೆ ಎಂದು ಯಾವುದನ್ನೂ ಬಿಡದೆ.

ಹ್ಯಾಲ್ವರ್ಸನ್ ತಗ್ಗಿದ ದನಿಯಲ್ಲಿ ಅಂದ, "ಯೋಚನೆ ಮಾಡ್ಬೇಡ. ನಕಲು ತೆಗೆಯೋವಾಗ ಆದ ತಪ್ಪು ಅಂತೀನಿ. ಯಾರ ಹೆಸರೂ ಬರಲ್ಲ. ನಿನ್ನನ್ನ ಯಾರೂ ಕೇಳಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಡೆಲ್ಫೀನ್ ಕಾಗದದಿಂದ ಪೆನ್ನು ಎತ್ತಲಿಲ್ಲ.

"ಯಾಕೆ ಕೇಳಬಾರದು? ತಪ್ಪು ನಂದು. ತಪ್ಪು ನಂದು ಅಂದ್ಮೇಲೆ ನಕ್ಷೇನೂ ನಂದೇ." ಹಾಳೆಯ ಕೆಳಗೆ 'ತಯಾರಿಸಿದವರು' ಎಂಬಲ್ಲಿ ಸೂಜಿಯ ಲೆಕ್ಕದ ಪುಸ್ತಕದಲ್ಲಿ ಹಾಕುವ ಅದೇ ದುಂಡನೆಯ ಅಕ್ಷರದಲ್ಲಿ ಡಿ. ಬ್ರಿಸ್ಕೋ ಎಂದು ಬರೆದು, ಅವನ ಕಡೆ ತಳ್ಳಿದಳು. "ಪದವಿ ಆಮೇಲೆ ಹುಡುಕೋಣ. ಈಗ ಕಳಿಸು."

ಹ್ಯಾಲ್ವರ್ಸನ್ ಆ ಸಾಲು ಓದಿದ. ಕಳಿಸಿದ.

ಮೂರೂ ನಲವತ್ತೆರಡಕ್ಕೆ ಸಂಪರ್ಕ ಬಂತು. ಹೂಸ್ಟನ್ನಿನ ದನಿ ಒಂದೊಂದೇ ಪದ ಬಿಡಿಸಿ ಓದಿತು. "ಹೊದಿಕೆ ಕತ್ತರಿಸುವ ಕೆಲಸ ನಿಲ್ಲಿಸಿ. ಹಳೆಯ ನಕ್ಷೆ ತಿರುಗುಮುರುಗಾಗಿದೆ. ತಿದ್ದುಪಡಿ ಬರುತ್ತಿದೆ. ತಯಾರಿಸಿದವರು ಡಿ. ಬ್ರಿಸ್ಕೋ. ಎಷ್ಟು ಕತ್ತರಿಸಿದ್ದೀರಿ ತಿಳಿಸಿ."

ಗರಗರ ಸದ್ದು. ಕೋಣೆಯಲ್ಲಿದ್ದ ಹತ್ತು ಜನ ಗಂಡಸರು ಧ್ವನಿಪೆಟ್ಟಿಗೆಯನ್ನೇ ದಿಟ್ಟಿಸಿದರು. ಡೆಲ್ಫೀನ್ ತನ್ನ ಕೈಗಳನ್ನು ನೋಡಿಕೊಂಡಳು.

"ಸ್ಟೋವಾಲ್ ಮಾತಾಡ್ತಿರೋದು. ಅಂಚು ಪೂರ್ತಿ ಕತ್ತರಿಸಿ ಆಯ್ತು. ಕಂಡಿಗೆ ಗುರುತು ಹಾಕಿದೀನಿ, ಕತ್ತರಿಸಿಲ್ಲ. ನೀರು ಕುಡೀತಿದ್ದೆ. ಯಾಕೆ ಅಂತ ಬ್ರಿಸ್ಕೋಗೆ ಗೊತ್ತು."

ಅಂಚು ನೇರ ಆಯತ, ಯಾವ ಮುಖದಿಂದ ನೋಡಿದರೂ ಒಂದೇ. ಹ್ಯಾಲ್ವರ್ಸನ್ ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಡೆಲ್ಫೀನ್ ಎದ್ದು ನಿಂತಳು.

"ಇನ್ನು ನಾನು ಹೋಗಿ ಸೂಜಿ ಒಪ್ಪಿಸ್ತೀನಿ. ಅರ್ಧಕ್ಕೆ ಬಿಟ್ಟು ಬಂದಿದೀನಿ."

ಶನಿವಾರ ಬೆಳಿಗ್ಗೆ ಆರು ಹೆಂಗಸರೂ ಹೊದಿಕೆ ಕೋಣೆಯ ಪುಟ್ಟ ಟೀವಿಯ ಮುಂದೆ ಕುಳಿತರು. ಸ್ಟೋವಾಲ್ ಕೈಯಲ್ಲಿ ಹಾಳೆ ಹಿಡಿದು ಬಾಗಿಲ ಹತ್ತಿರ ಬಂದಳು. ಅವಳ ಕೆಳಗೆ ಎಲ್ಲೋ ಒಂದು ಸಮುದ್ರ ಜಾರಿ ಹೋಗುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಮೊದಲ ಕುಣಿಕೆ ಮೇಲಿನ ಗುಬುಟಿಗೆ. ಅದರ ಎದುರು ಮೂಲೆಯ ಕೆಳಗಿನ ಗುಬುಟಿಗೆ ಎರಡನೆಯದು. ಹಾಳೆ ಗಾಳಿಯಿಲ್ಲದಲ್ಲಿಯೂ ಹಠಮಾರಿ ಮಗುವಿನ ಹಾಗೆ ಎದ್ದೆದ್ದು ಬಂತು. ದಪ್ಪ ಗವಸಿನ ಬೆರಳು ಕಂಡಿಯನ್ನು ಹಿಡಿಕೆಯ ಮೇಲೆ ತಂದು ಒತ್ತಿತು. ಹಿಡಿಕೆ ಹೊರಗೆ ಬಂತು. ಬಲಗಡೆಯೇ.

"ಹೂಂ" ಅಂದಳು ಡೆಲ್ಫೀನ್.

ನಾಲ್ಕೂ ಕುಣಿಕೆ ಬಿದ್ದ ಮೇಲೆ ಒಂದು ಮೂಲೆ ಉಬ್ಬಿಕೊಂಡೇ ಇತ್ತು. ಸ್ಟೋವಾಲ್ ಅಂಗೈಯಿಂದ ಅದನ್ನು ಎರಡು ಸಲ ತಟ್ಟಿ, ಸವರಿ ಕೂರಿಸಿದಳು. ಮಂಚದ ಹಾಸಿಗೆ ಸರಿಮಾಡಿದ ಹಾಗೆ. ಆರು ಮೇಜಿನ ಹೆಂಗಸರೂ ಒಟ್ಟಿಗೆ ನಕ್ಕರು. ಸಂಜೆಯ ಸುದ್ದಿಯಲ್ಲಿ 'ಎಂಜಿನಿಯರುಗಳ ತಂಡ' ಎಂದೇ ಹೇಳಿದರು. ಆದರೆ ಹ್ಯಾಲ್ವರ್ಸನ್ ತಿದ್ದುಪಡಿಯ ಪ್ರತಿಯನ್ನು ತಂದು ಹೊದಿಕೆ ಕೋಣೆಯ ಬಾಗಿಲಿಗೆ ಅಂಟಿಸಿ ಹೋದ. ಕೆಳಗಿನ ಸಾಲು ಕಾಣುವಂತೆ ಅಂಟಿಸಿದ್ದ. ಮುಂದಿನ ನಕ್ಷೆಗಳಲ್ಲಿ ಆ ಸಾಲು ಹೆಂಗಸರದ್ದೇ ಆಯಿತು. ಒಮ್ಮೆ ಬರೆದ ಹೆಸರನ್ನು ಯಾವ ಕಾರಣ ಕೊಟ್ಟು ತೆಗೆಯುವುದೆಂದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಚರ್ಚಿನ ಸಭಾಂಗಣದಲ್ಲಿ ಹ್ಯಾಮ್ ಕತ್ತರಿಸಿದಾಗ ಹಸಿರು ಕೆಂಪು ಗೆರೆಗಳು ಅಂಕುಡೊಂಕಾಗಿದ್ದವು, ಕೆಲವು ಕಡೆ ಇರಲೇ ಇಲ್ಲ. ಉಪ್ಪು ಒಂದು ಕೈ ಮುಂದಿತ್ತು. ಆದರೂ ಸುದ್ದಿ ಹರಡಿತು.

"ಲೂಶಸ್ ಮಾಡಿದ್ದಂತೆ! ಪೂರ್ತಿ ಒಬ್ಬನೇ!"

"ಒಬ್ಬನೇ? ದೇವ್ರು ಒಳ್ಳೇದು ಮಾಡ್ಲಿ!"

"ಡೆಲ್ಫೀನ್, ಪುಣ್ಯವಂತೆ ಕಣೇ ನೀನು. ನಮ್ಮನೆಯೋರು ನೀರೂ ಬಿಸಿ ಮಾಡಲ್ಲ."

ನಲವತ್ತು ಜನ ಬಂದು ಲೂಶಸನ ಕೈ ಕುಲುಕಿದರು. ಪಾದ್ರಿಯವರು ಬೆನ್ನು ತಟ್ಟಿದರು. ಲೂಶಸ್ ಮೊದಲು ಬೀಗಿದ, ಆಮೇಲೆ ಮುಜುಗರಪಟ್ಟ, ಕೊನೆಗೆ ತಟ್ಟೆ ಹಿಡಿದು ಹೆಂಡತಿಯ ಪಕ್ಕ ಬಂದು ಕುಳಿತ.

"ಇಪ್ಪತ್ತೊಂಬತ್ತು ವರ್ಷದಲ್ಲಿ ನಿನ್ನ ಕೈ ಎಷ್ಟು ಜನ ಕುಲುಕಿದಾರೆ ಡೆಲ್?"

"ಉಪ್ಪು ಕಮ್ಮಿ ಆಯ್ತು ಅಂತ ಒಂದ್ಸಲ ನಿಮ್ಮಮ್ಮ ಹಿಡ್ಕೊಂಡಿದ್ರು."

"ಹೋದ ಸಲದ್ದು ಚೆನ್ನಾಗಿತ್ತು" ಅಂದಳು ಮೇಜಿನ ಆ ತುದಿಯಿಂದ ಮಿಸ್ ಅಗಾಥಾ, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ. "ಹೋದ ಸಲದ್ದು ಇವಳು ಮಾಡಿದ್ದು."

ಡೆಲ್ಫೀನ್ ಅತ್ತೆಯ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಸಂಜೆ ಮನೆಗೆ ಬಂದಾಗ ಪಾತ್ರೆಯ ತಳದಲ್ಲಿ ಜಿಡ್ಡು ಕಟ್ಟಿದ ದಿಂಬಿನ ಚೀಲ ಹಾಗೆಯೇ ಬಿದ್ದಿತ್ತು. ಲೂಶಸ್ ಅದನ್ನು ನೋಡಿದ, ಅವಳನ್ನು ನೋಡಿದ.

"ಒಗೆಯೋದೂ ಸೇರುತ್ತೆ" ಅಂದಳು ಡೆಲ್ಫೀನ್. "ಸೋಪು ತೊಟ್ಟಿ ಕೆಳಗಿದೆ. ಬಿಸಿನೀರಲ್ಲಿ ಮೊದ್ಲು ನೆನೆಸು. ಒಂದು ತಾಸು."

ಕಾಲು ಚಾಚಿ ಅವಳು ಹಿಂದಿನ ಜಗಲಿಯ ಕುರ್ಚಿಯಲ್ಲಿ ಕುಳಿತಳು. ಹೊತ್ತು ಮುಳುಗುವ ಮುಂಚೆ ಲೂಶಸ್ ಅಂಗಳಕ್ಕೆ ಬಂದು, ಚೀಲವನ್ನು ಕೊಡವಿ, ತಂತಿಗೆ ಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿದ. ಉಲ್ಟಾ ಹಾಕಿದ್ದ. ಡೆಲ್ಫೀನಳ ಬಾಯಿಯವರೆಗೆ ಮಾತು ಬಂತು. ಬಟ್ಟೆ ಯಾವ ಕಡೆಯಿಂದಾದರೂ ಒಣಗುತ್ತದೆ ಎಂದುಕೊಂಡು ಅವಳು ಕಾಫಿ ಕುಡಿದಳು.